‘ದಲಿತ’ ಎಂಬ ಹೆಸರು

ಕೇಳುಗರೇ, ನಮಸ್ಕಾರ.

‘ದಲಿತ’ ಅನ್ನುವ ಪದ ಪತ್ರಿಕೆಗಳಲ್ಲಿ ದಿನಾ ಕಾಣುತ್ತದೆ. ಸಂಸ್ಕೃತದಲ್ಲಿ ಅದಕ್ಕೆ ಒಡೆದದ್ದು, ಸೀಳಿದ್ದು ಅಂತ ಅರ್ಥ. ಕಾಳು ಒಡೆದು ಮಾಡುವ ಬೇಳೆಗೆ ಹಿಂದಿಯವರು ‘ದಾಲ್’ ಅಂತಾರಲ್ವಾ, ಅದೂ ಇದೇ ಬೇರಿನ ಪದ. 1930ರ ದಶಕದಲ್ಲೇ ಮರಾಠಿಯಲ್ಲಿ ತುಳಿತಕ್ಕೆ ಒಳಗಾದವರನ್ನು ಹೀಗೆ ಕರೆಯುತ್ತಿದ್ದರು. ಆದರೆ ಆಗ ದೇಶದ ತುಂಬಾ ಹಬ್ಬಿದ್ದು ಇನ್ನೊಂದು ಹೆಸರು, ‘ಹರಿಜನ’.

ಶಾಸನಸಭೆಗಳಲ್ಲಿ ಅಸ್ಪೃಶ್ಯರಿಗೆ ಮೀಸಲು ಸ್ಥಾನ ಕೊಡುವ ಬಗ್ಗೆ ಅಂಬೇಡ್ಕರ್ ಜೊತೆ ಆದ 1932ರ ಪುಣೆ ಒಪ್ಪಂದದ ನಂತರ ಗಾಂಧೀಜಿ ಆ ಹೆಸರನ್ನು ಊರೂರಿಗೆ ಮುಟ್ಟಿಸಿದರು. 1933ರಲ್ಲಿ ಅದೇ ಹೆಸರಿನ ವಾರಪತ್ರಿಕೆಯೂ ಬಂತು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ಆದರೆ ದೇವರ ಮಕ್ಕಳು ಅಂತ ಕರೆಸಿಕೊಂಡವರಿಗೆ ಊರ ಬಾವಿಯ ನೀರು ಸಿಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ‘ಹರಿಜನ ಕಾಲೋನಿ’ ಅನ್ನುವ ಬೋರ್ಡು ಊರಾಚೆಗೇ ನಿಂತಿತು. 1938ರಲ್ಲಿ ಮುಂಬಯಿ ಶಾಸನಸಭೆಯ ಮಸೂದೆಯೊಂದರಲ್ಲಿ ಆ ಪದವನ್ನು ಸೇರಿಸಲು ಹೊರಟಾಗ, ಅಂಬೇಡ್ಕರ್ ಅವರೂ ಅವರ ಪಕ್ಷದವರೂ ಪ್ರತಿಭಟಿಸಿ ಸಭೆಯಿಂದ ಎದ್ದು ಹೊರನಡೆದರು.

‘ದಲಿತ’ ಪದಕ್ಕೆ ಕಸುವು ಬಂದದ್ದು 1972ರಲ್ಲಿ. ನಾಮದೇವ ಢಸಾಳ್, ಜೆ.ವಿ. ಪವಾರ್ ಅವರಂಥ ತರುಣ ಬರಹಗಾರರು ಮುಂಬಯಿಯಲ್ಲಿ ‘ದಲಿತ ಪ್ಯಾಂಥರ್ಸ್’ ಅನ್ನುವ ಸಂಘಟನೆ ಕಟ್ಟಿದರು. ಅಲ್ಲಿಯವರೆಗೆ ಕನಿಕರದ ಮಾತಾಗಿದ್ದದ್ದು ಎದೆಯುಬ್ಬಿಸಿ ಹೇಳಿಕೊಳ್ಳುವ ಹೆಸರಾಯಿತು. ಒಡೆದುಹೋದವರು ಅಂದರೆ ಒಡೆದವರು ಯಾರು ಅಂತ ಕೇಳಲೇಬೇಕಲ್ಲ! ‘ಹರಿಜನ’ದಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಮರುವರ್ಷ ಕರ್ನಾಟಕದಲ್ಲೂ ಕಿಡಿ ಹೊತ್ತಿತು. ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂತ ದಲಿತರೇ ಆದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಹೇಳಿದರು. ಬೂಸಾ ಅಂದರೆ ದನಕ್ಕೆ ಹಾಕುವ ತೌಡು, ಹೊಟ್ಟು. ಬೀದಿಬೀದಿಯಲ್ಲಿ ಗಲಾಟೆ ಆಯಿತು, ಅವರ ಪರ ನಿಂತ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಆ ನೋವಿನಿಂದಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಅವರಂಥವರಿಂದ ಆ ಪದ ಕನ್ನಡದ್ದೇ ಆಯಿತು.

ಸರ್ಕಾರಿ ಸರ್ಟಿಫಿಕೇಟಿನಲ್ಲಿ ಮಾತ್ರ ಇವತ್ತಿಗೂ ಇರುವುದು ‘ಪರಿಶಿಷ್ಟ ಜಾತಿ’. ಮೀಸಲಾತಿಯ ಪಟ್ಟಿಗೆ ಅದೇ ಸರಿ, ಒಪ್ಪುತ್ತೇನೆ. ಆದರೆ 2018ರಲ್ಲಿ ಕೇಂದ್ರ ವಾರ್ತಾ ಇಲಾಖೆ ಟಿವಿ ಚಾನೆಲ್ಲುಗಳಿಗೂ ‘ದಲಿತ’ ಪದ ಬೇಡ ಅಂತ ಸಲಹೆ ಕಳಿಸಿತು. ಜನ ತಾವೇ ಆರಿಸಿಕೊಂಡ ಹೆಸರನ್ನು ಸುದ್ದಿಯಿಂದ ತೆಗೆಯಬೇಕು ಅನ್ನುವುದು ನನಗೆ ತಪ್ಪಾಗಿಯೇ ಕಾಣುತ್ತದೆ.

ಅದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದಿದೆ. ಪ್ಯಾಂಥರ್ಸ್‌ನ 1973ರ ಪ್ರಣಾಳಿಕೆಯ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರು, ಬೌದ್ಧರಾದವರು ದಲಿತರು. ಅಷ್ಟೇ ಅಲ್ಲ, ಕೂಲಿಕಾರರು, ಭೂಮಿಯಿಲ್ಲದವರು, ಬಡ ರೈತರು, ಹೆಂಗಸರು ಕೂಡ ದಲಿತರೇ. ಅಷ್ಟು ಅಗಲವಾಗಿದ್ದ ಪದವನ್ನು ಈಗ ಬರೀ ಜಾತಿಯ ಹೆಸರಾಗಿ ಬಳಸುತ್ತೇವೆ. ಚುನಾವಣೆ ಬಂತೆಂದರೆ ಅದು ‘ದಲಿತ ಮತ’ ಆಗುತ್ತದೆ, ಎಣಿಸುವ ಲೆಕ್ಕ ಆಗುತ್ತದೆ. ಆ ಅಗಲ ಹೋದದ್ದು ದೊಡ್ಡ ನಷ್ಟ ಅಂತಲೇ ನನ್ನ ಅನಿಸಿಕೆ.

ನಮಸ್ಕಾರ.