ನಾಲ್ಕನೇ ಬೋರ್ಡಿನವರು

ಅಧ್ಯಕ್ಷರೇ, ಶಿಬಿರ ನಡೆಸಿದ ಮಾಸ್ತರರೇ, ಘಟ್ಟದ ಮೇಲಿಂದಲೂ ಕೆಳಗಿಂದಲೂ ಬಂದ ಪಾಲಕರೇ, ಮಕ್ಕಳೇ,

ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ವಿಶ್ವ ಯುವ ತಂಡ ಚೆಸ್’ ಅಂತ ಹಾಕಿ ನಲವತ್ತು ನಿಮಿಷ ಕೊಟ್ಟಿದ್ದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಹಾರ-ತುರಾಯಿ ಎಲ್ಲ ಮುಗಿದು ಈಗ ಇಪ್ಪತ್ತು ಉಳಿದಿದೆ. ಪರವಾಗಿಲ್ಲ, ಶಿರಸಿಯಲ್ಲಿ ಇದು ಹೊಸದಲ್ಲ. ನಾನು ಹೇಳಬೇಕಾದ್ದೂ ಒಂದೇ. ನಮ್ಮ ಜಿಲ್ಲೆಯ ಮಕ್ಕಳು ಚೆಸ್ ಚೆನ್ನಾಗಿ ಆಡುತ್ತಾರೆ, ಆದರೆ ಒಬ್ಬೊಬ್ಬರೇ ಆಡುತ್ತಾರೆ. ಅವರನ್ನು ತಂಡ ಮಾಡಿ ಆಡಿಸಿ.

ಹದಿನಾರು ವರ್ಷದೊಳಗಿನವರಿಗೆ ಫಿಡೆ, ಅಂದರೆ ವಿಶ್ವ ಚೆಸ್ ಸಂಸ್ಥೆ, ದೇಶದ ತಂಡಗಳು ಆಡುವ ಒಂದು ಒಲಿಂಪಿಯಾಡ್ ನಡೆಸುತ್ತದೆ. 2014ರಲ್ಲಿ ಹಂಗೇರಿಯ ಗ್ಯೋರ್‌ನಲ್ಲಿ ನಮ್ಮ ಹುಡುಗರು ಅದರ ಚಿನ್ನ ತಂದರು. 2017ರಲ್ಲಿ ಅದು ನಮ್ಮ ಅಹಮದಾಬಾದಿಗೇ ಬಂದಿತ್ತು. ನಾಲ್ಕು ಬೋರ್ಡು, ಅಂದರೆ ನಾಲ್ವರು ಒಟ್ಟಿಗೆ ಆಡುತ್ತಾರೆ, ಸಾಮಾನ್ಯವಾಗಿ ಗಟ್ಟಿಗರು ಮೊದಲ ಬೋರ್ಡಿಗೆ. ಒಬ್ಬರು ರಿಸರ್ವ್, ತಂಡದಲ್ಲಿ ಹುಡುಗಿ ಇರಲೇಬೇಕು. ಆಟ ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ನಾಲ್ಕು ಆಟದಲ್ಲಿ ಎರಡೂವರೆ ಅಂಕ ಬಂದರೆ ಪಂದ್ಯ ನಿಮ್ಮದು. ನಾಲ್ಕಕ್ಕೆ ನಾಲ್ಕು ಗೆದ್ದರೂ ಪಂದ್ಯಕ್ಕೆ ಸಿಗೋದು ಅದೇ ಎರಡು ಪಾಯಿಂಟು. ಹಾಗಾಗಿ ಅರ್ಧ ಅಂಕಕ್ಕೆ ಇಲ್ಲಿ ಬೇರೆಯೇ ಬೆಲೆ.

ಆ ಅರ್ಧ ಅಂಕದ ಕಥೆ ಹೇಳುತ್ತೇನೆ. ಹಿಂದೆ ಕೇಳಿದವರು ಕ್ಷಮಿಸಿ, ನಾನು ಎಲ್ಲಿ ಹೋದರೂ ಇದನ್ನೇ ಹೇಳೋದು. 2022, ಮಾಮಲ್ಲಪುರಂ, ದೊಡ್ಡವರ ಒಲಿಂಪಿಯಾಡ್. ಅಂದರೆ ಹೆಸರಿಗೆ ದೊಡ್ಡವರು! ಭಾರತದ ಎರಡನೇ ತಂಡದಲ್ಲಿ ಗುಕೇಶ್, ಪ್ರಜ್ಞಾನಂದ, ನಿಹಾಲ್ ಸರಿನ್, ರೌನಕ್ ಸಾಧ್ವಾನಿ, ಜೊತೆಗೆ ಹಿರಿಯಣ್ಣನ ಹಾಗೆ ಅಧಿಬನ್. ಮೊದಲ ಬೋರ್ಡಿನಲ್ಲಿ ಗುಕೇಶ್, ವಯಸ್ಸು ಹದಿನಾರು. ಮೊದಲ ಎಂಟು ಆಟ, ಎಂಟೂ ಗೆಲುವು. ಹತ್ತನೇ ರೌಂಡಿನಲ್ಲಿ ಎದುರಿಗೆ ಉಜ್ಬೇಕಿಸ್ತಾನ. ಅವರ ಅಬ್ದುಸತ್ತೊರೊವ್‌ಗೆ ಹದಿನೇಳು, ಸಿಂದರೊವ್‌ಗೆ ಹದಿನಾರು. ನಮ್ಮಲ್ಲಿ ಈ ವಯಸ್ಸಿನವರನ್ನು ಒಬ್ಬರೇ ಹುಬ್ಬಳ್ಳಿ ಬಸ್ಸು ಹತ್ತಿಸೋಕೂ ಹಿಂದೆಮುಂದೆ ನೋಡುತ್ತೇವೆ, ಅಲ್ವಾ?

ನಾನು ಆ ದಿನ ಕಾರವಾರದಲ್ಲಿದ್ದೆ. ಹೊರಗೆ ಆಗಸ್ಟಿನ ಮಳೆ, ಮೊಬೈಲಿನಲ್ಲಿ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಒಮ್ಮೆ ಬಂದಾಗ ಗುಕೇಶ್ ಗೆಲ್ಲುವ ಹಾಗೆ ಕಾಣುತ್ತಿದ್ದ. ಪ್ರಜ್ಞಾನಂದ ಸಿಂದರೊವ್‌ನನ್ನು ಸೋಲಿಸಿದ್ದ. ಗುಕೇಶ್ ಡ್ರಾ ಮಾಡಿಕೊಂಡಿದ್ದರೆ ಸಾಕಿತ್ತು, ಎರಡೂವರೆ ಆಗುತ್ತಿತ್ತು. ಆದರೆ ಹುಡುಗ ಗೆಲ್ಲೋಕೆ ಹೋದ. ಗಡಿಯಾರದಲ್ಲಿ ಸಮಯ ಇಲ್ಲ, ಕುದುರೆ ಹೋಯಿತು, ಆಟವೂ ಹೋಯಿತು. ಪಂದ್ಯ ಎರಡು-ಎರಡು. ಕೊನೆಗೆ ಉಜ್ಬೇಕಿಸ್ತಾನಕ್ಕೆ ಚಿನ್ನ, ನಮ್ಮ ಹುಡುಗರಿಗೆ ಕಂಚು.

ಹುಡುಗನನ್ನು ಬೈಯೋಕೆ ಹೇಳಿದ್ದಲ್ಲ. ಎಂಟು ಆಟ ಗೆದ್ದವನಿಗೆ ಗೆಲ್ಲೋದು ಅಭ್ಯಾಸವಾಗಿರುತ್ತದೆ. ಡ್ರಾ ಸಾಕು ಅಂತ ಕೈ ತಡೆಯೋದು ಬೇರೆ ಅಭ್ಯಾಸ. ಒಬ್ಬೊಬ್ಬರೇ ಆಡೋ ಟೂರ್ನಮೆಂಟಿನಲ್ಲಿ ಅದು ಎಲ್ಲಿಂದ ಬರಬೇಕು? ಅಲ್ಲಿ ಅವನ ಅರ್ಧ ಅಂಕ ಅವನದೇ. ಎರಡು ವರ್ಷದ ಮೇಲೆ, 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಇದೇ ಗುಕೇಶ್ ಮೊದಲ ಬೋರ್ಡಿನಲ್ಲಿ ಹತ್ತಕ್ಕೆ ಒಂಬತ್ತು ಅಂಕ ತೆಗೆದ, ತಂಡಕ್ಕೆ ಚಿನ್ನ ಬಂತು. ಮಹಿಳೆಯರ ತಂಡಕ್ಕೂ ಚಿನ್ನ.

ಬುಡಾಪೆಸ್ಟಿನದೇ ಇನ್ನೊಂದು ಮಾತು. ಆಗ ಭಾರತದಲ್ಲಿ ಎಲ್ಲರಿಗಿಂತ ಜಾಸ್ತಿ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕಿ, ಇದ್ದದ್ದು ಅರ್ಜುನ್ ಎರಿಗೈಸಿಗೆ. ಕೂರಿಸಿದ್ದು ಮೂರನೇ ಬೋರ್ಡಿನಲ್ಲಿ. ಅವನು ಹನ್ನೊಂದಕ್ಕೆ ಹತ್ತು ತೆಗೆದ. ಇಲ್ಲಿ ಯಾವುದಾದರೂ ಶಾಲೆಯಲ್ಲಿ ಹಾಗೆ ಮಾಡಿ ನೋಡಿ! ‘ನಮ್ಮ ಹುಡುಗನನ್ನು ಮೂರನೇ ಬೋರ್ಡಿಗೆ ಯಾಕೆ ಹಾಕಿದ್ರಿ’ ಅಂತ ಮರುದಿನ ಬೆಳಿಗ್ಗೆಯೇ ಅಪ್ಪ ಸ್ಟಾಫ್ ರೂಮಿನಲ್ಲಿ ನಿಂತಿರುತ್ತಾರೆ. ನಗಬೇಡಿ, ನಿಂತವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ.

ತಾಳಮದ್ದಳೆ ಕೇಳಿದವರು ನೀವು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕರ್ಣಪರ್ವದಲ್ಲಿ ಶಲ್ಯ ಗಟ್ಟಿ ಇಲ್ಲದಿದ್ದರೆ ಕರ್ಣ ಎಷ್ಟು ದೊಡ್ಡ ಅರ್ಥಧಾರಿಯಾದರೂ ಪ್ರಸಂಗ ಏಳುವುದಿಲ್ಲ. ಆದರೂ ಸಂಘಟಕರಿಗೆ ಫೋನು ಮಾಡಿ ಎಲ್ಲರೂ ಕೇಳೋದು ಕರ್ಣ ಯಾರು ಅಂತಲೇ.

ಕುಮಟಾದಲ್ಲಿ ಒಮ್ಮೆ ನಾಲ್ಕು ಬೋರ್ಡಿನ ಶಾಲಾ ಪಂದ್ಯ ನೋಡಿದೆ. ತಗಡಿನ ಮಾಡು, ಸೆಕೆ, ಫ್ಯಾನಿನ ಗಾಳಿಗೆ ಸ್ಕೋರ್ ಶೀಟು ಹಾರದಂತೆ ಮಕ್ಕಳು ಮೊಣಕೈ ಊರಿ ಬರೆಯುತ್ತಿದ್ದರು. ನಾಲ್ಕನೇ ಬೋರ್ಡಿನಲ್ಲಿ ಏಳನೇ ಕ್ಲಾಸಿನ ಹುಡುಗಿ. ಒಂದು ಕಾಲಾಳು ಜಾಸ್ತಿ ಇತ್ತು, ಆಟ ಅವಳ ಕಡೆಗೇ ವಾಲಿತ್ತು. ಎದ್ದು ಬಂದು ಕ್ಯಾಪ್ಟನ್ ಮಾಸ್ತರರನ್ನು ಕೇಳಿದಳು, “ಸರ್, ಡ್ರಾ ಕೇಳ್ತಾ ಇದ್ದಾನೆ. ಕೊಡ್ಲಾ?”

ನಿಯಮ ಏನು ಗೊತ್ತಲ್ಲ? ಡ್ರಾ ಒಪ್ಪಿಕೋ, ಬೇಡ, ಇಷ್ಟನ್ನು ಕ್ಯಾಪ್ಟನ್ ಹೇಳಬಹುದು. ಅದೂ ಪಂದ್ಯದ ಲೆಕ್ಕ ನೋಡಿ ಮಾತ್ರ. ಬೋರ್ಡಿನ ಮೇಲೆ ಏನಿದೆ ಅಂತ ತುಟಿ ಬಿಚ್ಚುವ ಹಾಗಿಲ್ಲ. ಮಾಸ್ತರರು ಉಳಿದ ಮೂರು ಫಲಿತಾಂಶ ನೋಡಿದರು, ಎರಡು-ಒಂದು, ನಾವು ಮುಂದೆ. “ಕೊಡು” ಅಂದರು. ಅವಳ ಮುಖ ನೋಡಬೇಕಿತ್ತು! ಗೆಲ್ಲೋ ಆಟ. ಆದರೂ ಹೋಗಿ ಕೈ ಕುಲುಕಿ ಬಂದಳು. ಮೊದಲ ಬೋರ್ಡಿನ ಹುಡುಗ ಸೋತಿದ್ದ, ರಾಣಿ ಕಳೆದುಕೊಂಡು ಮೂಲೆಯಲ್ಲಿ ಕೂತಿದ್ದ. ಪಂದ್ಯ ಗೆದ್ದೆವು ಅಂತ ಗೊತ್ತಾದ ಮೇಲೆ ಅವಳಿಗೆ ತನ್ನ ಪಾಲಿನ ಗೋಳಿಬಜೆ ಕೊಟ್ಟ. ಅವಳು ತಗೊಂಡಳು, ಬೇಡ ಅನ್ನಲಿಲ್ಲ.

ರೇಟಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಆ ಪಟ್ಟ ಪಡೆದದ್ದು 2017ರಲ್ಲಿ, ಮೂವತ್ತು ದಾಟಿದ ಮೇಲೆ. ಪಕ್ಕದ ಶಿವಮೊಗ್ಗದ ಸ್ಟ್ಯಾನಿಗೂ ಆಮೇಲೆ ಸಿಕ್ಕಿತು. ಅದಕ್ಕೆಲ್ಲ ಒಬ್ಬನೇ ಕೂತು ವರ್ಷಗಟ್ಟಲೆ ದುಡಿಯಲೇಬೇಕು. ಆದರೆ ಹತ್ತು ವರ್ಷದ ಮಗು ಶನಿವಾರ-ಭಾನುವಾರ ಊರೂರು ತಿರುಗಿ, ಸೋತ ದಿನ ಕಾರಿನ ಹಿಂದಿನ ಸೀಟಿನಲ್ಲಿ ಒಂದೇ ಅಳುತ್ತಾ ಬರೋದು ನೋಡಿದ್ದೇನೆ. ಜೊತೆಗೆ ಮೂವರು ಸೋತಿದ್ದರೆ ಅಷ್ಟು ಅಳುವುದಿಲ್ಲ, ಸುಮ್ನೆ ಜಗಳಾಡುತ್ತವೆ.

ಚೀಟಿ ಬಂತು. ‘ಐದು ನಿಮಿಷ’ ಅಂತಿದೆ. ತರಬೇತಿ, ಖರ್ಚು ಅಂತ ಇನ್ನೂ ಎರಡು ವಿಷಯ ಬರೆದುಕೊಂಡಿದ್ದೆ. ಖರ್ಚಿನದ್ದು ಒಂದೇ ಮಾತು: ಬೋರ್ಡು, ಗಡಿಯಾರ ಶಾಲೆಗಳ ನಡುವೆ ಹಂಚಿಕೊಳ್ಳಬಹುದು. ಉಳಿದದ್ದು ಊಟದ ಹೊತ್ತಿಗೆ ಕೇಳಿ.

ನನ್ನ ಬೇಡಿಕೆ ಇಷ್ಟು. ದೀಪಾವಳಿ ರಜೆಯೊಳಗೆ ತಾಲೂಕಿಗೊಂದು ತಂಡ. ಅಂಕೋಲಾ, ಹೊನ್ನಾವರ, ಯಲ್ಲಾಪುರದವರು ಇಲ್ಲೇ ಇದ್ದೀರಿ. ಭಟ್ಕಳದವರಿಗೆ ಬಸ್ಸಿನ ಹೊತ್ತಾಯಿತು, ಆದ್ದರಿಂದ ಮೊದಲು ಅವರು ಬನ್ನಿ. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಪುಸ್ತಕ ಇಟ್ಟಿದ್ದಾರೆ. ಐದು ಹೆಸರು ಬರೆಯಿರಿ, ಹುಡುಗಿಯ ಹೆಸರು ಮರೀಬೇಡಿ. ನಾಲ್ಕನೇ ಬೋರ್ಡಿಗೆ ಯಾರು ಅಂತ ಮೊದಲು ಬರೆಯಿರಿ, ಆಮೇಲೆ ಮೇಲಕ್ಕೆ ಹೋಗಿ. ನಮಸ್ಕಾರ.