ಗೋಡೆಯ ಮೇಲಿನ ಕಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರಿನಲ್ಲಿ ಮನೆ ಇದ್ದವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ಮಳೆಗಾಲ ಮುಗಿಯುವಾಗ ಕಂಪೌಂಡ್ ಗೋಡೆ ಕಪ್ಪಾಗಿರುತ್ತದೆ. ಬ್ರಷ್ ಹಿಡಿದು ಉಜ್ಜಬೇಕು, ಪೇಂಟ್ ಬಳಿಯಬೇಕು. ಮರುವರ್ಷ ಮತ್ತೆ ಅದೇ ಕಪ್ಪು. ನಾನೂ ವರ್ಷಗಟ್ಟಲೆ ಉಜ್ಜಿದವನೇ.

ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಆ ಕಪ್ಪು ಹಕ್ಕಳೆಯನ್ನು ಉಗುರಿನಿಂದ ಎಬ್ಬಿಸಿ, ತಟ್ಟೆಗೆ ಹಾಕಿ ನೀರು ಬಿಟ್ಟೆ. ಸುಟ್ಟ ಕಾಗದದ ಹಾಗಿದ್ದದ್ದು ಮೆತ್ತಗಾಯಿತು. ಮರುದಿನ ನೋಡಿದರೆ ಅಂಚಿನಲ್ಲಿ ತೆಳು ಹಸಿರು. ಸತ್ತಿರಲಿಲ್ಲ, ಮಲಗಿತ್ತು ಅಷ್ಟೆ.

ನಾವು ಸುಮ್ನೆ ಪಾಚಿ ಅಂತೇವೆ. ವಿಜ್ಞಾನಿಗಳು ಸಯನೋಬ್ಯಾಕ್ಟೀರಿಯಾ ಅಂತಾರೆ. ಆ ಕಪ್ಪು ಅದರ ಕೊಡೆ. ಸೈಟೊನೆಮಿನ್ ಎಂಬ ಬಣ್ಣ ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಒಣಗಿದಾಗ ಕೋಶಗಳು ಹಾಳಾಗದಂತೆ ಟ್ರೆಹಲೋಸ್ ಎಂಬ ಸಕ್ಕರೆ ಕಾಯುತ್ತದೆ.

ವಂಶ ಬಹಳ ಹಳೆಯದು. ಭೂಮಿಗೆ ಸುಮಾರು 450 ಕೋಟಿ ವರ್ಷ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬಾರಾ ಬಂಡೆಗಳಲ್ಲಿ ಸಿಕ್ಕಿದ ಜೀವದ ಗುರುತಿಗೆ ಹತ್ತಿರ ಹತ್ತಿರ 350 ಕೋಟಿ ವರ್ಷ. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂದರೂ ಸರಿಯೇ. ಬಿಸಿಲಲ್ಲಿ ಅಡುಗೆ ಮಾಡಿಕೊಂಡು, ಆಮ್ಲಜನಕವನ್ನು ಕಸದ ಹಾಗೆ ಹೊರಗೆ ಚೆಲ್ಲಿದ್ದು ಈ ಪಾಚಿಯ ಅಜ್ಜಿ, ಪಿಜ್ಜಿಯರು. ಅದು ಗಾಳಿಯಲ್ಲಿ ನಿಲ್ಲಲು ಶುರುವಾದದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ.

ಈಗ ಗೋಡೆಯ ಕಲ್ಲು ನೋಡಿ. ನಮ್ಮ ಮುರಕಲ್ಲು. ಲಕ್ಷಾಂತರ ವರ್ಷ ಸುರಿದ ಮಳೆ ಬಂಡೆಯ ಸಿಲಿಕಾವನ್ನು ತೊಳೆದುಕೊಂಡು ಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ ಉಳಿದ ಕಲ್ಲು. ಕೆಂಪು ಅಂದರೆ ಕಬ್ಬಿಣದ ತುಕ್ಕು. ತುಕ್ಕು ಹಿಡಿಯಲಿಕ್ಕೆ ಆಮ್ಲಜನಕ ಬೇಕು, ಅಲ್ವಾ? ಅಂದರೆ ಕಲ್ಲಿನ ಕೆಂಪೂ ಆ ಕಪ್ಪಿನ ಕುಟುಂಬದ್ದೇ ಆಸ್ತಿ. ಇಷ್ಟು ವರ್ಷ ನಾನು ಉಜ್ಜಿ ಓಡಿಸುತ್ತಿದ್ದದ್ದು ಮನೆಯ ಯಜಮಾನನನ್ನು ಮಾರಾಯ್ರೆ!

ಇದೇ ಕಪ್ಪು ನಮ್ಮ ಪದವುಗಳ, ಅಂದರೆ ಮುರಕಲ್ಲಿನ ಬಯಲು ಗುಡ್ಡಗಳ ಮೇಲೂ ಉಂಟು. ಬೇಸಿಗೆಯಲ್ಲಿ ಪದವು ಅಂದರೆ ಕಾದ ಕಾವಲಿ. ಜೂನ್ ಮಳೆ ಹಿಡಿದರೆ ಕೆಲವೇ ದಿನಗಳಲ್ಲಿ ಹಸಿರು. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ಪಾಚಿಗಳೂ ಇವೆ. ಆದರೂ ಮಣ್ಣು ತೆಳು, ಸಾರ ಸಾಲದು. ಹಾಗಾಗಿ ಇಲ್ಲಿ ಕೆಲವು ಗಿಡಗಳೇ ಮಾಂಸಾಹಾರಿ. ಡ್ರೋಸೆರಾ ಎಲೆಯ ಅಂಟುಹನಿಗೆ ಹುಳ ಸಿಕ್ಕಿಬೀಳುತ್ತದೆ. ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ನೋಡಲಿಕ್ಕೆ ಪಾಪ. ಕೆಳಗೆ ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲಗಳು. ಸೂಕ್ಷ್ಮಜೀವಿ ತಾಗಿತೋ, ಬಾಯಿ ತೆರೆದು ಒಳಗೆ ಎಳೆದಾಯಿತು. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಬೂತಾಯಿ ಮೀನಿನ ಪುಳಿಮುಂಚಿ ಚಪ್ಪರಿಸುವ ನಾವು ತಕರಾರು ಎತ್ತುವ ಹಾಗಿಲ್ಲ.

ಊರೊಳಗೂ ಜೀವ ಜಾಗ ಮಾಡಿಕೊಳ್ಳುತ್ತದೆ. 2018ರಲ್ಲಿ ಒಂದು ಪುಟ್ಟ ಹೊಸ ಕಪ್ಪೆಗೆ ಮೈಕ್ರೊಹೈಲಾ ಕೊಡಿಯಾಲ್ ಅಂತ ಹೆಸರಿಟ್ಟರು. ಕೊಡಿಯಾಲ್ ಅಂದರೆ ಕೊಂಕಣಿಯಲ್ಲಿ ಮಂಗಳೂರು. ಸಿಕ್ಕಿದ್ದು ಕಾಡಿನಲ್ಲಲ್ಲ, ಕಾರ್ಖಾನೆಗಳ ನಡುವೆ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ.

ಹಾಗಂತ ಎಲ್ಲವನ್ನೂ ತಡೆದುಕೊಳ್ಳುತ್ತದೆ ಅಂದುಕೊಳ್ಳಬೇಡಿ. ಪದವು ಬಿಸಿಲು ತಾಳುತ್ತದೆ, ಬರ ತಾಳುತ್ತದೆ. ಜೆಸಿಬಿ ತಾಳುವುದಿಲ್ಲ. ಬೀಜ ಇರುವುದೇ ಮೇಲಿನ ಬೆರಳುದಪ್ಪ ಮಣ್ಣಿನಲ್ಲಿ. ಅದನ್ನು ಕೆರೆದು ಲಾರಿಗೆ ತುಂಬಿಸಿದರೆ ಮುಂದಿನ ಜೂನಿನಲ್ಲಿ ಏಳಲಿಕ್ಕೆ ಯಾರಿದ್ದಾರೆ? ಮಳೆನೀರು ಇಂಗಿಸಿ ಕೆಳಗಿನ ಬಾವಿಗಳಿಗೆ ಕೊಡುವುದೂ ಇದೇ ಪದವು.

ಈ ಸಲ ಪೇಂಟಿನವರು ಬಂದಾಗ ಹಿಂದಿನ ಗೋಡೆ ಹಾಗೇ ಇರಲಿ ಎಂದೆ. ‘ಖರ್ಚು ಉಳಿಸ್ಲಿಕ್ಕಾ?’ ಎಂದರು. ಹೌದು ಎಂದುಬಿಟ್ಟೆ.

ನಮಸ್ಕಾರ.