ಅಂಟು ಒಣಗದ ಊರಲ್ಲಿ ಬರ್ತ್‌ಡೇ ಕ್ರಾಫ್ಟು

ನಮಸ್ಕಾರ. ಇವತ್ತಿನ ಮಾತು ಸ್ವಲ್ಪ ಖಡಕ್ಕಾಗೇ ಇರ್ತದೆ. ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯ ಯಾವ ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬ ಇದ್ರೂ, ಆ ದಿನ ಮಕ್ಕಳ ಕೈಗೆ ಅಂಟಿನ ಡಬ್ಬಿ ಕೊಡಬೇಡಿ. ಕ್ರಾಫ್ಟ್ ಬೇಡ ಅಂತಲ್ಲ. ಅಂಟು ಬೇಡ.

ಕಾರಣ ಸರಳ. ನಾವೆಲ್ಲ ಬಳಸೋ ಬಿಳಿ ಅಂಟು ಗಟ್ಟಿಯಾಗೋದು ಅದರಲ್ಲಿರೋ ನೀರು ಆರಿದಾಗ. ನಮ್ಮ ಗಾಳಿಯಲ್ಲಿ ಆಗಲೇ ನೀರು ತುಂಬಿಕೊಂಡಿರ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳೋದೇ ಬೇಡ, ಒಗೆದ ಬಟ್ಟೆಯೇ ಎರಡು ದಿನ ತಂತಿ ಮೇಲೆ ನೇತಾಡ್ತದೆ. ಏಪ್ರಿಲ್-ಮೇಯಲ್ಲೂ ಕಡಲ ಕಡೆಯಿಂದ ಬರೋ ಗಾಳಿ ಒಣಗಾಳಿ ಅಲ್ಲ. ಪಾರ್ಟಿ ನಡೆಯೋದು ಎರಡು ತಾಸು, ಅದರಲ್ಲಿ ಕೈಕೆಲಸಕ್ಕೆ ಸಿಗೋದು 40 ನಿಮಿಷ. ಐದು ವರ್ಷದ ಮಗು ಕಾಗದ ಅಂಟಿಸಿ ಅರೆ ನಿಮಿಷಕ್ಕೆ ಎತ್ತಿ ನೋಡ್ತದೆ, ಕಾಗದ ಬೀಳ್ತದೆ, ಇನ್ನಷ್ಟು ಅಂಟು ಸುರೀತದೆ. ಹೆಚ್ಚು ಸುರಿದಷ್ಟೂ ನೀರು ಹೆಚ್ಚು, ಕಾಗದ ಮುದುಡಿ ಹೋಗ್ತದೆ. ಮೊಬೈಲಿನಲ್ಲಿ ನೋಡಿದ ಐಡಿಯಾ ಕೈಕೊಡೋದು ಹೆಚ್ಚಾಗಿ ಇಲ್ಲೇ. ಮಗುವಿನ ಕೈಯಲ್ಲಿ ತಪ್ಪಿಲ್ಲ, ಆ ಐಡಿಯಾ ಬೇರೆ ಹವೆಯದ್ದು.

ಮೈದಾ-ಉಪ್ಪಿನ ಹಿಟ್ಟಿನ ಗೊಂಬೆಗಳೂ ಹಾಗೇ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ನೀರು ಹಾಕಿ ನಾದಿದ್ರೆ ಆಯ್ತು, ಅಗ್ಗದ ಕೆಲಸ. ಆದ್ರೆ ಉಪ್ಪು ಗಾಳಿಯ ತೇವ ಎಳ್ಕೊಳ್ತದೆ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಕಲ್ಲುಪ್ಪಿನ ಡಬ್ಬಿ ಮಳೆಗಾಲದಲ್ಲಿ ಹೇಗೆ ನೀರೊಡೆಯುತ್ತದೋ ಗೊತ್ತಲ್ವಾ? ಶುದ್ಧ ಮಾಡದ ಸಮುದ್ರದ ಉಪ್ಪಿನಲ್ಲಿರೋ ಮೆಗ್ನೀಸಿಯಂ ಕ್ಲೋರೈಡ್ ಇನ್ನೂ ಬೇಗ ತೇವ ಹಿಡೀತದೆ. ಗೊಂಬೆ ವಾರದೊಳಗೆ ಬೆವರಿ, ಮೆತ್ತಗಾಗಿ, ಬೂಸ್ಟು ಹಿಡೀತದೆ. ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹುಟ್ಟಿದ ಮಕ್ಕಳಿಗೆ ಮಾತ್ರ ಇದು ಇರಲಿ.

ಹಾಗಾದ್ರೆ ಎಂತ ಮಾಡೋದು? ಒಣಗಬೇಕಾದ ಕೆಲಸವನ್ನೆಲ್ಲ ದೊಡ್ಡವರು ಎರಡು ದಿನ ಮೊದಲೇ ಮುಗಿಸಿಡೋದು. ಮಕ್ಕಳ ಪಾಲಿಗೆ ಕೆರೆಯೋದು, ಮಡಚೋದು, ಹೆಣೆಯೋದು, ಪಿನ್ನು ಹೊಡೆಸೋದು. ಹೀಗೆ ವಿಂಗಡಿಸಿದ್ರೆ ಖರ್ಚೂ ತಾನಾಗೇ ಇಳೀತದೆ. ತಲೆಗೆ 30 ರೂಪಾಯಿ ದಾಟಿದ್ರೆ ಎಲ್ಲೋ ರೆಡಿಮೇಡ್ ಕ್ರಾಫ್ಟ್ ಕಿಟ್‌ಗೆ ದುಡ್ಡು ಸುರೀತಿದ್ದೀರಿ ಅಂತ ನಮ್ಮ ಲೆಕ್ಕ. ಐದು ನಮೂನೆಯ ಕ್ರಾಫ್ಟೂ ಬೇಡ. ಒಂದು ಮುಖ್ಯ ಕೆಲಸ, ಬೇಗ ಮುಗಿಸಿದವರಿಗೆ ಇನ್ನೊಂದು. ಸಾಕು.

ಮುಖ್ಯ ಕೆಲಸಕ್ಕೆ ನಮ್ಮ ಓಟು ಕಾವಿ ಕಾರ್ಡಿಗೆ. ಅಂಕೋಲಾ, ಕುಮಟಾ, ಭಟ್ಕಳದ ಕಡೆ ಹಳೆಯ ದೇವಸ್ಥಾನಗಳ ಗೋಡೆ ಮೇಲೆ ಕೆಂಪು-ಬಿಳಿ ಎರಡೇ ಬಣ್ಣದ ಚಿತ್ರ ಇರ್ತದಲ್ಲ, ಅದೇ ಕಾವಿ ಕಲೆ. ಬಿಳಿ ಸುಣ್ಣದ ಗಾರೆ, ಅದರ ಮೇಲೆ ಕೆಮ್ಮಣ್ಣಿನ ಪದರ. ಚೂಪು ಉಳಿಯಿಂದ ಕೆಂಪನ್ನು ಕೆರೆದ್ರೆ ಒಳಗಿನ ಬಿಳಿ ಕಾಣ್ತದೆ. ಇದೇ ತಂತ್ರ ಕಾರ್ಡಿನ ಮೇಲೆ ಚಂದ ಬರ್ತದೆ. ಒಂದೇ ವ್ಯತ್ಯಾಸ: ಗೋಡೆಯನ್ನು ಹಸಿ ಇದ್ದಾಗಲೇ ಕೆರೀತಾರೆ, ಕಾರ್ಡು ಮಾತ್ರ ಪೂರ್ತಿ ಒಣಗಿರಬೇಕು.

ಸ್ಟೇಷನರಿ ಅಂಗಡಿಯಲ್ಲಿ ಹೊಳಪಿಲ್ಲದ ದಪ್ಪ ಬಿಳಿ ಡ್ರಾಯಿಂಗ್ ಶೀಟ್ ಕೇಳಿ, 22×28 ಇಂಚಿನದ್ದು. 4×6 ಇಂಚಿನ ಕಾರ್ಡು ಕತ್ತರಿಸೋದು. 28ರ ಉದ್ದಕ್ಕೆ ನಾಲ್ಕು ಇಂಚಿನಂತೆ ಏಳು, ಹಾಗೆ ಮೂರು ಸಾಲು, 21 ಆಯ್ತು. ಕೆಳಗೆ ನಾಲ್ಕು ಇಂಚಿನ ಪಟ್ಟಿ ಉಳೀತದೆ, ಅದರಲ್ಲಿ ಅಡ್ಡಡ್ಡ ಇನ್ನೂ ನಾಲ್ಕು. ಒಂದೇ ಶೀಟಿಗೆ 25 ಕಾರ್ಡು. ಹದಿನೈದು ಮಕ್ಕಳಿದ್ರೆ ಹತ್ತು ಹೆಚ್ಚೇ ಇರ್ತದೆ. ಆ ಹತ್ತೂ ಬೇಕಾಗ್ತದೆ, ನಂಬಿ.

ಕಾರ್ಡಿನ ಮೇಲೆ ಬಿಳಿ ಮೇಣದಬತ್ತಿ ಉಜ್ಜಬೇಕು. ಬಿಳಿ ಆಯಿಲ್ ಪೇಸ್ಟಲ್ ಇನ್ನೂ ಒಳ್ಳೇದು, ಆದ್ರೆ ಒಂದು ಡಬ್ಬಿಯಲ್ಲಿ ಬಿಳಿ ಒಂದೇ ಕಡ್ಡಿ, ಬೇಗ ಕರಗಿಹೋಗ್ತದೆ. ಕೆಳಗಿನ ಕಾಗದವೇ ಬಿಳಿ ಇರೋದ್ರಿಂದ ಮೇಣದಬತ್ತಿ ಸಾಕು. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಒತ್ತಿ ಉಜ್ಜಿ. ಬೆಳಕಿಗೆ ಓರೆ ಹಿಡಿದು ನೋಡಿದ್ರೆ ಮೇಣ ಬಿಟ್ಟ ಜಾಗ ಹೊಳೆಯೋದಿಲ್ಲ. ಅಲ್ಲಿ ಬಣ್ಣ ಕಾಗದಕ್ಕೇ ಇಳೀತದೆ, ಆಮೇಲೆ ಎಷ್ಟು ಕೆರೆದ್ರೂ ಬಿಳಿ ಬರೋದಿಲ್ಲ, ಕಾಗದ ಹರೀತದೆ.

ಮೇಲೆ ಪೋಸ್ಟರ್ ಕಲರ್. ಕೆಂಪಿಗೆ ಸ್ವಲ್ಪ ಕಂದು ಸೇರಿಸಿದ್ರೆ ಚಿರೆಕಲ್ಲಿನ ಬಣ್ಣ ಬರ್ತದೆ. 25 ಕಾರ್ಡಿಗೆ 100 ಎಂ.ಎಲ್. ಬೇಕು. 15 ಎಂ.ಎಲ್.ನ ಚಿಕ್ಕ ಬಾಟಲಿಗಳ ಸೆಟ್ ತಂದ್ರೆ ಅದರ ಕೆಂಪು ನಾಲ್ಕು ಕಾರ್ಡಿಗೆ ಖಾಲಿ. ಬಣ್ಣಕ್ಕೆ ನೀರು ಹಾಕಬೇಡಿ. ಪಾತ್ರೆ ತೊಳೆಯೋ ಲಿಕ್ವಿಡ್ ಸೋಪು ಹಾಕಿ: ಎರಡು ಚಮಚ ಬಣ್ಣಕ್ಕೆ ಅರ್ಧ ಚಮಚ. ಮೇಣ ನೀರನ್ನು ಹತ್ತಿರ ಸೇರಿಸೋದಿಲ್ಲ, ಬರೀ ಬಣ್ಣ ಹಚ್ಚಿದ್ರೆ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡುಗುಂಡಾಗಿ ನಿಲ್ತದೆ. ಸೋಪು ಬಿದ್ರೆ ಬಣ್ಣ ಹರಡಿ ಕೂರ್ತದೆ. ಮೇಣದಬತ್ತಿಯ ಮೇಲೆ ಮೊದಲ ಕೋಟು ಅಲ್ಲಲ್ಲಿ ಬಿಡೋದು ಸಹಜ. ಅದು ಆರಿದ ಮೇಲೆ ತೆಳ್ಳಗೆ ಎರಡನೇದು ಹೊಡೀರಿ. ಒಂದೇ ಸಲಕ್ಕೆ ದಪ್ಪ ಬಳಿದ್ರೆ ಕೆರೆಯುವಾಗ ಹಕ್ಕಳೆಯಾಗಿ ಎದ್ದು ಬರ್ತದೆ. ಅಕ್ರಿಲಿಕ್ ಬಣ್ಣ ಬೇಡವೇ ಬೇಡ, ಅದು ಪ್ಲಾಸ್ಟಿಕ್ ಹಾಳೆಯ ಹಾಗೆ ಪದರಗಟ್ಟಿ ಪಟ್ಟಿಪಟ್ಟಿ ಸುಲೀತದೆ. ನಿಜವಾದ ಕೆಮ್ಮಣ್ಣೇ ಬಳಿಯೋಣ ಅಂತ ಕೆಲವರಿಗೆ ಆಸೆ. ಮೇಣದ ಮೇಲೆ ಮಣ್ಣು ಹಿಡಿಯೋದಿಲ್ಲ, ಕೇಕಿನ ಪಕ್ಕ ಪುಡಿ ಉದುರ್ತದೆ ಅಷ್ಟೇ.

ಒಣಗೋದಕ್ಕೆ ಬೇಸಿಗೆಯಲ್ಲಿ ಫ್ಯಾನಿನ ಕೆಳಗೆ ಒಂದೆರಡು ತಾಸು, ಮಳೆಗಾಲದಲ್ಲಿ ಇಡೀ ರಾತ್ರಿ, ಕೆಲವೊಮ್ಮೆ ಮರುದಿನವೂ. ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗ್ತದೆ. ಬೆರಳಿಗೆ ಬಣ್ಣ ಹತ್ತದಿದ್ರೆ ತಯಾರು. ನಡುವೆ ಹಳೆ ಪೇಪರ್ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಟ್ಟು ಮುಚ್ಚಿಡಿ.

ಕೆರೆಯೋದಕ್ಕೆ ಇಂಕು ಮುಗಿದ ಬಾಲ್ ಪೆನ್ನು, ಐಸ್‌ಕ್ರೀಂ ಕಡ್ಡಿ, ತುದಿ ಮುರಿದ ಬಿದಿರು ಕಡ್ಡಿ. ಹಿಡಿಕಡ್ಡಿ, ಅಂದ್ರೆ ಪೊರಕೆ ಕಡ್ಡಿ, ಬಾಗ್ತದೆ, ಅದರಿಂದ ಆಗೋದಿಲ್ಲ. ಮೊದಲು ಅಂಚಿನ ಪಟ್ಟಿ ಮಾಡಲಿ, ಆಮೇಲೆ ನಡುವೆ ಚಿತ್ರ. ನಡುವಿಂದ ಶುರು ಮಾಡಿದ ಮಗು ಅಂಗೈ ಊರಿ ಊರಿ ಬೆವರಿನಲ್ಲಿ ಬಣ್ಣ ಎಬ್ಬಿಸ್ತದೆ. ಕೈ ಕೆಳಗೊಂದು ತುಂಡು ಕಾಗದ ಇಟ್ರೆ ಆ ತಾಪತ್ರಯ ಇಲ್ಲ. ನಾಲ್ಕೈದು ವರ್ಷದವರಿಗೆ ಒಂದು ದೊಡ್ಡ ಮೀನು, ಹೊಟ್ಟೆ ತುಂಬ ಗೆರೆ. ಎಂಟು ದಾಟಿದವರಿಗೆ ಬಳೆಯೊಂದನ್ನು ಕೊಟ್ಟುಬಿಡಿ, ವೃತ್ತದ ಮೇಲೆ ವೃತ್ತ ಸರಿಸಿದ್ರೆ ದಳ ತಾನಾಗೇ ಬರ್ತದೆ. ಕಾವಿ ಗೋಡೆಯ ಎಷ್ಟೋ ಹೂಗಳು ಹೀಗೆ ವೃತ್ತದಿಂದಲೇ ಹುಟ್ಟಿದವು.

ಮೊದಲು ಮುಗಿಸಿದವರಿಗೆ ತೆಂಗಿನ ಗರಿಯ ಗಿರಗಿಟ್ಲೆ. ದುಡ್ಡೇ ಬೇಡ. ಎಳೆ ಗರಿಯೇ ಬೇಕು, ಬಲಿತದ್ದು ಮಡಿಕೆಯಲ್ಲಿ ಸೀಳ್ತದೆ. ಅಂಚಿನ ನಾರು ಬೆರಳು ಕೊಯ್ತದೆ, ಅದನ್ನು ದೊಡ್ಡವರು ಮೊದಲೇ ಸೀಳಿ ತೆಗೆದು, ಬೆರಳಗಲ, ಗೇಣುದ್ದದ ಪಟ್ಟಿ ಮಾಡಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಒಂದಕ್ಕೆ ನಾಲ್ಕು ಪಟ್ಟಿ. ನಾಲ್ಕನ್ನೂ ನಡುವೆ ಮಡಚಿ, ಒಂದರ ಮಡಿಕೆಯೊಳಗೆ ಇನ್ನೊಂದು ಕೂರೋ ಹಾಗೆ ಚೌಕಕ್ಕೆ ಜೋಡಿಸಿ, ಕೊನೆಯದರ ಬಾಲವನ್ನು ಮೊದಲನೆಯದರ ಮಡಿಕೆಗೆ ತೂರಿಸಿ, ನಾಲ್ಕೂ ಬಾಲ ಒಟ್ಟಿಗೆ ಎಳೆದು ಬಿಗಿ ಮಾಡಿ. ನಡುವೆ ಹಿಡಿಕಡ್ಡಿ. ತೂತು ಕಡ್ಡಿಗಿಂತ ಸಡಿಲ ಇರ್ಬೇಕು, ಇಲ್ಲದಿದ್ರೆ ತಿರುಗೋದಿಲ್ಲ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಜೋರಾಗ್ತದೆ, ಅಂಗಳಕ್ಕೆ ಬಿಟ್ಟುಬಿಡಿ. ಸಂಜೆಯೊಳಗೆ ಗರಿ ಬಾಡಿ ಸಡಿಲಾಗ್ತದೆ, ಅದಕ್ಕೆ ಮದ್ದಿಲ್ಲ. ಅದೇ ಗಾಳಿ ಒಳಗಿನ ಕಾರ್ಡುಗಳನ್ನೂ ಹಾರಿಸ್ತದೆ, ಪ್ರತಿ ಮೇಜಿಗೆ ಒಂದೆರಡು ಕಲ್ಲು ಇರಲಿ.

ಘಟ್ಟದ ಮೇಲಿನ ಸಿರ್ಸಿ, ಸಿದ್ದಾಪುರದವರು ತೆಂಗಿನ ಗರಿಗಾಗಿ ಕೆಳಗಿಳಿದು ಬರೋದು ಬೇಡ, ನಿಮಗೆ ಅಡಿಕೆ ಹಾಳೆ ಇದೆ. ಅರ್ಧ ತಾಸು ನೀರಲ್ಲಿ ನೆನೆಸಿದ್ರೆ ಮಡಿಕೆಗೆ ಬಗ್ತದೆ, ಟೊಪ್ಪಿಯ ಆಕಾರಕ್ಕೆ ದೊಡ್ಡವರೇ ಮಡಚಿ ಹೊಲಿದಿಡಿ. ಮಕ್ಕಳು ನೀರಲ್ಲಿ ಅದ್ದಿದ ಸೀಮೆಸುಣ್ಣದಿಂದ, ಮಲೆನಾಡಿನ ಮನೆ ಗೋಡೆಗಳ ಹಸೆ ಚಿತ್ತಾರದ ಹಾಗೆ, ಗೆರೆ ಎಳೆಯಲಿ. ಹಸಿಯಾಗಿದ್ದಾಗ ಮಬ್ಬು, ಐದು ನಿಮಿಷಕ್ಕೆ ಬೆಳ್ಳಗೆ. ಕಪ್ಪು ಬೂಸ್ಟು ಚುಕ್ಕಿ ಇರೋ ಹಾಳೆ ಮಾತ್ರ ತಲೆಗೆ ಹಾಕಿಸಬೇಡಿ, ಉಬ್ಬಸದ ಮಕ್ಕಳಿಗೆ ಆಗೋದಿಲ್ಲ.

ಕಿರೀಟ ಬೇಕೇ ಬೇಕು ಅನ್ನೋರಿಗೆ: ಶೀಟಿನ 22 ಇಂಚು ಅಂದ್ರೆ 56 ಸೆಂಟಿಮೀಟರ್. ಚಿಕ್ಕ ಮಕ್ಕಳ ತಲೆ ಸುತ್ತಳತೆ ಸುಮಾರು 50ರಿಂದ 53. ಅಲ್ಲಿಗೆ ಪಟ್ಟಿ ಜೋಡಿಸೋ ಕೆಲಸವೇ ಇಲ್ಲ, ಸುತ್ತಿ ಸ್ಟೇಪ್ಲರ್ ಹೊಡೆಯೋದು. ಪಿನ್ನಿನ ಬಾಗಿದ ತುದಿ ಹೊರಗಡೆ ಬರಬೇಕು, ಅದರ ಮೇಲೆ ಟೇಪು. ಒಳಗೆ ಬಂದ್ರೆ ಕೂದಲು ಸಿಕ್ಕಿ ಚುಚ್ತದೆ. ಅಲಂಕಾರಕ್ಕೆ ಹಳೆ ಮದುವೆ ಕರೆಯೋಲೆಗಳ ಬಂಗಾರದ ಬಣ್ಣದ ಹೂವು, ಗಣಪತಿ ಕತ್ತರಿಸಿಡಿ. ಅಂಟಿನ ಬದಲು ಎರಡೂ ಬದಿ ಅಂಟೋ ಟೇಪು, ಚಿಕ್ಕ ತುಂಡು ಮಾಡಿ ಸ್ಟೀಲ್ ತಾಟಿನ ಅಂಚಿಗೆ ಸಾಲಾಗಿ ಅಂಟಿಸಿಟ್ರೆ ಮಕ್ಕಳೇ ಕಿತ್ಕೊಳ್ತಾರೆ. ಯಕ್ಷಗಾನ ನೋಡಿ ಬೆಳೆಯೋ ಹೊನ್ನಾವರ, ಕುಮಟಾದ ಮಕ್ಕಳಿಗೆ ಇನ್ನೇನೂ ಕಲಿಸೋದು ಬೇಡ, ತಲೆಗೇರಿದ ಕೂಡಲೇ ಕುಣಿತ ಶುರು.

ಬೆಂಡೆಕಾಯಿ, ಬಾಳೆ ದಂಟು ಕತ್ತರಿಸಿ ಬಟ್ಟೆ ಚೀಲದ ಮೇಲೆ ಅಚ್ಚು ಒತ್ತೋದು ಚಂದವೇ, ಎಲೆಯ ದಂಟು ಅಡ್ಡ ಕೊಯ್ದ್ರೆ ಒಳಗೆ ಕಿಂಡಿ ಕಿಂಡಿ ಜಾಲರಿ. ಆದ್ರೆ ಬಾಳೆ ಸೊನೆ ಹೊಸ ಫ್ರಾಕಿಗೆ ತಾಗಿದ್ರೆ ಆ ಕಲೆ ಹೋಗೋದಿಲ್ಲ ಮಾರಾಯ್ರೆ, ಬಂದ ತಾಯಂದಿರ ಮುಖ ನೀವೇ ನೋಡಬೇಕು. ಬಟ್ಟೆ ಬಣ್ಣವೂ ಆ ದಿನ ಆರೋದಿಲ್ಲ. ಇದನ್ನ ರಜೆಯ ದಿನಕ್ಕೆ ಇಟ್ಕೊಳ್ಳಿ, ಹುಟ್ಟುಹಬ್ಬಕ್ಕೆ ಬೇಡ. ಮಿಂಚಿನ ಪುಡಿಯೂ ಬೇಡ, ಫ್ಯಾನ್ ಹಾಕಿದ್ರೆ ಅದು ಅವಲಕ್ಕಿಗೂ ಬೀಳ್ತದೆ. ಮೂರು ವರ್ಷದ ಒಳಗಿನ ತಮ್ಮ-ತಂಗಿ ಬರೋದಿದ್ರೆ ಮಣಿ, ಗುಂಡಿ, ಸಣ್ಣ ಚಿಪ್ಪಿ ಯಾವುದೂ ಕೈಗೆಟುಕಬಾರದು, ನೇರ ಬಾಯಿಗೆ ಹೋಗ್ತದೆ.

ಕೈಕೆಲಸ ಕೇಕಿಗಿಂತ ಮೊದಲು. ಕ್ರೀಮ್ ಕೈಯಲ್ಲಿ ಕಾರ್ಡು ಮುಟ್ಟಿದ್ರೆ ಬಣ್ಣ ಏಳ್ತದೆ, ಕೇಕು ಮುಗಿದ ಮೇಲೆ ಮಕ್ಕಳು ಕೂರೋದೂ ಇಲ್ಲ. ಹೇಳಿದ ಹೊತ್ತಿಗೆ ಎಲ್ಲರೂ ಬರೋದಿಲ್ಲ ಅನ್ನೋದಂತೂ ಊರಿಗೇ ಗೊತ್ತು. ಕೆರೆಯೋ ಕಾರ್ಡಿನ ಅನುಕೂಲ ಇಲ್ಲೂ ಇದೆ, ಬಂದವರು ಬಂದ ಹಾಗೆ ಕೂತು ಶುರು ಮಾಡಬಹುದು. ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಸಾಕು. ಅವರ ಕೆಲಸ ಕಡ್ಡಿ ಕೊಡೋದು, ಕೆರೆದ ಪುಡಿ ಒರೆಸೋದು. ಮಗುವಿನ ಕೈಯಿಂದ ಕಾರ್ಡು ಕಸಿದು 'ಹೀಗಲ್ಲ, ಹೀಗೆ' ಅಂತ ತಿದ್ದೋ ಅಪ್ಪ-ಅಮ್ಮಂದಿರಿಗೆ ಹೊರಗೆ ಜಗಲಿಯಲ್ಲಿ ಚಾ ಕೊಟ್ಟು ಕೂರಿಸಿ. ಅವರಿಗೂ ಕೆರೆಯೋ ಆಸೆ ಇದ್ರೆ ಉಳಿದ ಹತ್ತು ಕಾರ್ಡಿದೆಯಲ್ಲ.

ಇನ್ನೊಂದು. ಮಕ್ಕಳ ಹೆಸರನ್ನು ಕಾರ್ಡಿನ ಹಿಂದೆ ಮೇಣ ಹಚ್ಚೋ ಮೊದಲೇ ಪೆನ್ಸಿಲ್‌ನಲ್ಲಿ ಬರೆದಿಡಿ, ಆಮೇಲೆ ಬರೆಯೋಕೆ ಒತ್ತಿದ್ರೆ ಮುಂದಿನ ಬಣ್ಣ ಬಿರಿಯುತ್ತದೆ. ಸ್ಕೆಚ್ ಪೆನ್ನು ಬೇಡ, ಬೆವರು ಕೈ ತಾಗಿ ಹರಡ್ತದೆ. ಕರೆಯದೇ ಬಂದ ಪಕ್ಕದ ಮನೆ ಮಗುವಿಗೆ ಅಂತ ಎರಡು ಕಾರ್ಡು ಹೆಸರಿಲ್ಲದೆ ಖಾಲಿ ಇರಲಿ.